ತಾತನ ಎಡೆ ಮುಟ್ಟಿದ ಸೀಗಲ್ ಹಕ್ಕಿಯವರಿಗೆ

ಮಾನ್ಯರೇ,

ನಮ್ಮ ಅಂಗಡಿಯ ಚಾವಣಿಯ ಮೇಲೆ ತಾವು ಬಂಧುಬಳಗ ಸಮೇತ ಕ್ಷೇಮವಾಗಿರುವುದನ್ನು ದಿನವೂ ಕಣ್ಣಾರೆ ಕಾಣುತ್ತಿರುವುದರಿಂದ ಕುಶಲ ವಿಚಾರಿಸುವ ಅಗತ್ಯವಿಲ್ಲದಿದ್ದರೂ, ಊರಿನಲ್ಲಿ ಕಲಿಸಿದ ಮರ್ಯಾದೆಯಂತೆ ಮೊದಲು ನಮಸ್ಕರಿಸಿ, ಆಮೇಲೆ ದೂರಿಗೆ ಬರುತ್ತೇನೆ. ಈ ಪತ್ರವನ್ನು ಬಹಿರಂಗವಾಗಿ ಬರೆಯಲು ಕಾರಣ, ತಮ್ಮ ಊಟವೂ ನಮ್ಮಲ್ಲಿ ಬಹಿರಂಗವಾಗಿಯೇ ನಡೆಯುತ್ತಿರುವುದು.

ನಾನು ಮಧುಶ್ರೀ, ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯವಳು. ಪೋರ್ಚುಗಲ್ಲಿನ ಈ ಕಡಲೂರಿನ ಕ್ಲಬ್ಬೊಂದಕ್ಕೆ ಬೀಚ್ ವಾಲಿಬಾಲ್ ಆಡುವುದು ನನ್ನ ಉದ್ಯೋಗ. ಆಟಗಾರ್ತಿಯ ಮೊಣಕಾಲು ಒಂದಲ್ಲ ಒಂದು ದಿನ ಕೈಕೊಡುತ್ತದೆ ಎಂಬ ಮುಂದಾಲೋಚನೆಯಿಂದ, ಈ ಬೇಸಿಗೆಯಲ್ಲಿ ಅರಸೀಕೆರೆಯ ಗೆಳತಿ ಅರುಣಾಳೊಂದಿಗೆ ಸೇರಿ ಕಡಲ ದಂಡೆಯಲ್ಲೇ ಕಾಯಿ ಒಬ್ಬಟ್ಟು ಮತ್ತು ಕಾಫಿಯ ಅಂಗಡಿ ತೆರೆದೆ. ಅಂದಿನಿಂದ ಚೆಂಡಿಗೆ ಏಲಕ್ಕಿ ವಾಸನೆ ಹತ್ತಿದೆ ಎಂದು ಕೋಚ್ ದೂರುತ್ತಾರೆ, ಕಣಕದಲ್ಲಿ ಮರಳು ಸಿಗುತ್ತಿದೆ ಎಂದು ಅರುಣಾ ದೂರುತ್ತಾಳೆ. ಇಬ್ಬರ ಮಾತೂ ನಿಜ.

ನಮ್ಮ ಕಡೆ ಹಿರಿಯರ ಹಬ್ಬದಲ್ಲಿ, ತೀರಿಹೋದವರಿಗೆ ಇಷ್ಟವಾದ ಅಡುಗೆ ಮಾಡಿ ಎಡೆ ಇಟ್ಟರೆ, ಅವರು ಕಾಗೆಯಾಗಿ ಬಂದು ಮುಟ್ಟುವವರೆಗೆ ಮನೆಯವರು ಊಟ ಮಾಡುವಂತಿಲ್ಲ. ಈ ಸಲದ ಮಹಾಲಯ ಅಮಾವಾಸ್ಯೆಯಂದು ನಮ್ಮ ತಾತ ರಾಮಣ್ಣನವರ ಹೆಸರಿನಲ್ಲಿ ಒಬ್ಬಟ್ಟೊಂದನ್ನು, ಬಾಳೆಎಲೆ ಸಿಗದೆ ಕಾಗದದ ತಟ್ಟೆಯಲ್ಲಿ ಅಂಗಡಿಯ ಹೊರಗಿನ ಮೇಜಿನ ಮೇಲಿಟ್ಟು, ದಾರಿಹೋಕರು ನಿಂತು ನೋಡುವಷ್ಟು ಗಟ್ಟಿಯಾಗಿ 'ಕಾ ಕಾ' ಎಂದು ಕರೆದೆ. ಕಾಗೆ ಬರಲಿಲ್ಲ. ಅಭ್ಯಾಸಕ್ಕೆ ಹೊತ್ತಾಗಿ ಅತ್ತ ಕೋಚ್ ಸೀಟಿ ಊದುತ್ತಿದ್ದರು. ಅಷ್ಟರಲ್ಲಿ ತಾವು ಇಳಿದಿರಿ, ಮುಟ್ಟುವ ಶಾಸ್ತ್ರಕ್ಕೆ ನಿಲ್ಲದೆ ಒಬ್ಬಟ್ಟನ್ನು ಇಡಿಯಾಗಿ ನುಂಗಿದಿರಿ, ನಾನು ಇಷ್ಟಾದರೂ ಆಯಿತಲ್ಲ ಎಂದು ಕೈಮುಗಿದು ಓಡಿದೆ. ಒಂದು ಕಾಗೆಗೆ ಕಾಯುವಷ್ಟು ಪುರುಸೊತ್ತಿಲ್ಲದವಳು ಎರಡು ಕಸುಬಿಗೆ ಕೈಹಾಕಬಾರದಿತ್ತು.

ಫೋನಿನಲ್ಲಿ ವಿಷಯ ಕೇಳಿದ ನನ್ನ ಅಮ್ಮ ಅನುಸೂಯಮ್ಮ ಕಣ್ಣೊರೆಸಿಕೊಂಡು, "ನಿಮ್ಮ ತಾತನೇ ಕಣೇ ಬಂದಿರಾದು" ಎಂದರು. ಹಕ್ಕಿ ಬೆಳ್ಳಗಿತ್ತಮ್ಮ ಎಂದೆ. "ಬಿಸ್ಲಲ್ಲಿ ಕುಣಿದು ಕುಣಿದು ನೀನು ಕರ್ರಗಾಗಿಲ್ವಾ? ಅವ್ರು ಬೆಳ್ಳಗಾಗವ್ರೆ, ಬಿಡು" ಎಂದು ತೀರ್ಪು ಕೊಟ್ಟರು. ಮಾರನೆಯ ದಿನ ತಾವು ಗಿರಾಕಿಯೊಬ್ಬರ ಕೈಯಿಂದಲೇ ಒಬ್ಬಟ್ಟು ಕಿತ್ತುಕೊಂಡಾಗ ಅರುಣಾ ಪೊರಕೆ ಎತ್ತಿದ್ದಕ್ಕೆ, "ಮುದುಕಪ್ಪನ್ನ ಪೊರಕೇಲಿ ಹೊಡಿತಾಳಂತೆ, ಯಾರ ಮನೆ ಹೆಣ್ಣೇ ಅದು?" ಎಂಬ ಪ್ರಶ್ನೆ ಗೆಂಡೆಹಳ್ಳಿಯಿಂದ ನೇರವಾಗಿ ಬಂತು.

ಹೀಗೆ ಹಬ್ಬದ ಒಂದು ತುತ್ತನ್ನು ತಾವು ನಿತ್ಯದ ಹಕ್ಕಾಗಿ ಮಾಡಿಕೊಂಡ ಚಾಕಚಕ್ಯತೆಯನ್ನು ನಾನು ಮೆಚ್ಚಲೇಬೇಕು. ಆದರೆ ಹಕ್ಕಿಗಳಿಗೆ ತಿನಿಸು ಹಾಕುವುದು ಇಲ್ಲಿ ಅಪರಾಧವಂತೆ. ಶನಿವಾರ ಪರಿಶೀಲನೆಗೆ ಬಂದಾಗ ಮೇಜಿನ ಬಳಿ ಒಂದೇ ಒಂದು ಸೀಗಲ್ ಕಂಡರೂ ಹೊರಗಿನ ಮೇಜುಗಳನ್ನೆಲ್ಲ ತೆಗೆಸುತ್ತೇವೆ ಎಂದು ಪುರಸಭೆಯವರು ತಿಳಿಸಿದರು. ಒಳಗೆ ಒಲೆಯ ಮುಂದೆ ನಾವಿಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ, ಆದ್ದರಿಂದ ಮೇಜು ಹೋದರೆ ಅಂಗಡಿಯೂ ಹೋದಂತೆ. ಮುಂದಿನ ವರ್ಷ ಕ್ಲಬ್ಬು ನನ್ನನ್ನು ಉಳಿಸಿಕೊಳ್ಳಬೇಕೇ ಎಂದು ತೀರ್ಮಾನಿಸುವ ಪಂದ್ಯವೂ ಅದೇ ಹೊತ್ತಿಗಿತ್ತು. ಒಂದನ್ನು ಆರಿಸಿಕೊ ಎಂದು ಕೋಚ್ ಹೇಳಿದರು. ನಾನು ಪಂದ್ಯಕ್ಕೆ ಹೋದೆ, ಪೊರಕೆ ಮುಟ್ಟಬಾರದೆಂಬ ಷರತ್ತಿನೊಂದಿಗೆ ಅಂಗಡಿಯನ್ನು ಅರುಣಾಳಿಗೆ ಬಿಟ್ಟೆ.

ಆ ಶನಿವಾರ ತಾವು ಅಂಗಡಿಯತ್ತ ಸುಳಿಯಲಿಲ್ಲ. ಬಂದ ಅಧಿಕಾರಿಣಿ ಖಾಲಿ ಚಾವಣಿಯನ್ನು ನೋಡಿ, ಒಬ್ಬಟ್ಟು ತಿಂದು, ಇನ್ನೊಂದನ್ನು ಕಟ್ಟಿಸಿಕೊಂಡು, ಮೇಜುಗಳು ಇರಲಿ ಎಂದು ಹೋದರಂತೆ. ಇತ್ತ ಕೊನೆಯ ಸೆಟ್ಟಿನಲ್ಲಿ ಸರಿಸಮ ನಿಂತಿದ್ದಾಗ ತಲೆ ಎತ್ತಿದರೆ, ರೆಫರಿಯ ಕೊಡೆಯ ಮೇಲೆ ತಾವು! ನೋಡಿದ ಗಾಬರಿಗೆ ಚೆಂಡು ನನ್ನ ಕಾಲ ಬುಡದಲ್ಲೇ ಬಿತ್ತು.

ಮಾನ್ಯರೇ, ನಮ್ಮ ತಾತ ಬದುಕಿದ್ದಷ್ಟು ದಿನ ನನ್ನ ಒಂದು ಆಟಕ್ಕೂ ಬಂದವರಲ್ಲ. ಹಳೇಬೀಡಿನಲ್ಲಿ, ಮನೆಯಿಂದ ಒಂದು ಬಸ್ಸಿನ ದಾರಿಯಲ್ಲಿ ಆಡಿದಾಗಲೂ, "ಬಂದಿದ್ನ ಮಡಿಕಳದು ಬಿಟ್ಟು ವಾಪಸ್ ಕಳ್ಸದು, ಅದ್ಯಾವ ಸೀಮೆ ಆಟ ಕಣೇ?" ಎಂದು ಜಗಲಿಯಲ್ಲೇ ಉಳಿದರು. ಬಂದದ್ದನ್ನೆಲ್ಲ ಮಡಗಿಕೊಳ್ಳುವ ತಮ್ಮನ್ನು ಆ ಕೊಡೆಯ ಮೇಲೆ ಕಂಡಾಗ ಆ ಮಾತು ನೆನಪಾಗಿ, ಬಂದ ಕೋಪಕ್ಕೆ, ಆಮೇಲೆ ಬಂದ ಚೆಂಡನ್ನೆಲ್ಲ ಹಿಂದಕ್ಕೆ ಕಳಿಸಿದೆ. ಗೆದ್ದೆವು. ಕ್ಲಬ್ಬು ನನ್ನನ್ನು ಉಳಿಸಿಕೊಂಡಿತು. ಆ ಹಕ್ಕಿಯನ್ನು ಯಾಕೆ ಹಾಗೆ ದುರುಗುಟ್ಟಿಕೊಂಡು ನೋಡುತ್ತಿದ್ದೆ ಎಂದು ಕೋಚ್ ಕೇಳಿದಾಗ, "ಅವರು ನಮ್ಮ ತಾತ. ಆಟಕ್ಕೆ ಬಂದದ್ದು ಇದೇ ಮೊದಲು" ಎಂದುಬಿಟ್ಟೆ. ಪ್ರೇಕ್ಷಕರ ಚಿಪ್ಸಿಗಾಗಿ ಬಂದಿದ್ದಿರೆಂದು ಅರುಣಾ ವಾದಿಸುತ್ತಾಳೆ. ಇರಬಹುದು.

ಆದಕಾರಣ ವಿನಂತಿ: ಇನ್ನು ಮುಂದೆ ಪಂದ್ಯದ ದಿನಗಳಲ್ಲಿ ಆ ಕೊಡೆಯ ಮೇಲೆ, ಪರಿಶೀಲನೆಯ ದಿನಗಳಲ್ಲಿ ಎಲ್ಲಿಯೂ ಅಲ್ಲ, ಉಳಿದ ದಿನಗಳಲ್ಲಿ ಗಿರಾಕಿಗಳ ಹಿಂದೆ ಸಾಲಿನಲ್ಲಿ ತಾವು ದಯಮಾಡಿಸಬೇಕು. ಬಂಧುಬಳಗವನ್ನು ಅವರವರ ಮೊಮ್ಮಕ್ಕಳ ಅಂಗಡಿಗೆ ಕಳಿಸಬೇಕು.

ಒಂದು ಒಬ್ಬಟ್ಟಿನ ಋಣಕ್ಕೆ ಸಿಕ್ಕಿಬಿದ್ದಿರುವ,
ತಮ್ಮ ವಿಶ್ವಾಸಿ,
ಮಧುಶ್ರೀ

ತಾ.ಕ.: ಗೆದ್ದ ಮೇಲೆ ಫೋಟೋಗೆ ನಿಂತಾಗ ತಾವು ಮೇಲಿನಿಂದ ನನ್ನ ಭುಜದ ಮೇಲೆ ದಯಪಾಲಿಸಿದ್ದು ಚಿತ್ರದಲ್ಲಿ ಸ್ಪಷ್ಟವಾಗಿ ಬಂದಿದೆ. ಅಮ್ಮನಿಗೆ ಕಳಿಸಿದೆ. "ಅವ್ರೇ ಕಣೇ, ಇನ್ನು ಅನುಮಾನನೇ ಇಲ್ಲ. ನಿನ್ನ ಆಟದ ಬಗ್ಗೆ ಅವ್ರ ಅಭಿಪ್ರಾಯ ಮೊದ್ಲಿಂದ್ಲೂ ಅದೇನೇ" ಎಂದರು.