ನಾನು ತುರ್ಕಿ ಎಂ.ಎ. ಮಾಡಲು ಹೊರಟದ್ದು

ನನ್ನ ಹೆಂಡತಿ ಶೈಲಾ ಎಂ.ಎ. ನಾನು ಬಿ.ಕಾಂ. ಗಲ್ಫ್‌ನಲ್ಲಿ, ಗುದೈಬಿಯಾ ಬಡಾವಣೆಯ ನಮ್ಮ ಪುಟ್ಟ ಫ್ಲ್ಯಾಟಿನಲ್ಲಿ ಜಗಳ ಎ.ಸಿ. ವಿಷಯಕ್ಕೇ ಶುರುವಾಗಲಿ, ಸಾರಿನ ಉಪ್ಪಿನ ವಿಷಯಕ್ಕೇ ಶುರುವಾಗಲಿ, "ನಾನು ಎಂ.ಎ., ನೀವು ಬಿ.ಕಾಂ." ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ಅಲ್ಲಿಗೆ ನನ್ನ ಬಾಯಿ ಬಂದ್!

ಹಾಗಾಗಿ ತುರ್ಕಿಯ ಒಂದು ವಿಶ್ವವಿದ್ಯಾಲಯ ವಿದೇಶಿಯರಿಗೂ ತುರ್ಕಿ ಭಾಷೆ, ಸಾಹಿತ್ಯದಲ್ಲಿ ಎಂ.ಎ. ಮಾಡಿಸುತ್ತದೆ ಎಂದು ತಿಳಿದಾಗ ನಾನು ಹಿಂದೆಮುಂದೆ ನೋಡಲಿಲ್ಲ. ಭಾಷೆ ಬರಬೇಕು ಎಂಬುದೊಂದೇ ಷರತ್ತು. ನನಗೆ ಬರುತ್ತಿತ್ತು! ಆಗ ಗಲ್ಫ್ ಚಾನೆಲ್‌ಗಳಲ್ಲೆಲ್ಲ ತುರ್ಕಿ ಧಾರಾವಾಹಿಗಳದೇ ಭರಾಟೆ. ಒಂದು ಕಂತನ್ನೂ ಬಿಡದೆ, ಟಿವಿ ಮುಂದೆ ಕೂತು ನಾಯಕಿಯ ಜೊತೆಜೊತೆಗೇ ಮಾತಾಡಿ ಅಭ್ಯಾಸ ಮಾಡಿದ್ದೆ.

"ಎಂತ ಮಾರಾಯ್ರೆ, ಅವಳು ಬಾಯಿ ಮುಚ್ಚಿದ ಮೇಲೂ ಮಾತು ಬರ್ತಾ ಉಂಟಲ್ಲ?" ಎಂದು ಶೈಲಾ ಒಮ್ಮೆ ಕೇಳಿದಳು.

"ಅದು ತುರ್ಕಿ ಉಚ್ಚಾರಣೆಯ ವೈಶಿಷ್ಟ್ಯ. ನಿಂಗೆ ಗೊತ್ತಾಗುದಿಲ್ಲ," ಎಂದೆ.

ಸಂಶೋಧನೆಯನ್ನೂ ಆರಂಭಿಸಿಬಿಟ್ಟೆ. ಧಾರಾವಾಹಿಯಲ್ಲಿ ಮಾತಿಗೊಮ್ಮೆ ಹಬೀಬಿ, ಯಲ್ಲಾ, ಖಲಾಸ್! ನಮ್ಮ ಆಫೀಸಿನ ಅರಬರೂ ಹೇಳುವುದು ಇದನ್ನೇ. ಅರ್ಜಿಯಲ್ಲಿ 'ತುರ್ಕಿ ಮತ್ತು ಅರಬ್ಬಿ ಭಾಷೆಗಳ ಬೆರಗು ಹುಟ್ಟಿಸುವ ಸಾಮ್ಯ: ಒಂದು ಮೌಲಿಕ ಅಧ್ಯಯನ' ಎಂದು ವಿಷಯ ಸೂಚಿಸಿದೆ. ಇಷ್ಟು ಕಾಲ ಯಾವ ವಿದ್ವಾಂಸನಿಗೂ ಇದು ಹೊಳೆಯಲಿಲ್ಲವಲ್ಲ ಎಂದು ಅವರ ಬಗ್ಗೆ ಮರುಕವೂ ಆಯಿತು.

ಸಂದರ್ಶನ ಶುಕ್ರವಾರ, ಕಂಪ್ಯೂಟರ್ ಮುಂದೆ. ಸೀಟು ಸಿಕ್ಕೊಡನೆ ಹಂಚಲೆಂದು ಮುಹರಕ್ ಪೇಟೆಯಿಂದ ಹಲ್ವಾ ಮೊದಲೇ ತಂದಿಟ್ಟಿದ್ದೆ. ಪರದೆಯ ಮೇಲೆ ಪ್ರತ್ಯಕ್ಷರಾದ ಪ್ರೊಫೆಸರು ಉದ್ದಕ್ಕೆ ಏನೋ ಕೇಳಿದರು. ಒಂದಕ್ಷರ ತಿಳಿಯಲಿಲ್ಲ. ಪಾಪ, ಹಳ್ಳಿ ಕಡೆಯ ತುರ್ಕಿ ಇರಬೇಕು! ಶುದ್ಧ ಭಾಷೆ ಹೇಗಿರುತ್ತದೆಂದು ತೋರಿಸಲು ನಾಯಕಿಯ ಒಂದು ಮಾತನ್ನು ಆರಿಸಿಕೊಂಡೆ. ಅವಳು ಅದನ್ನು ಹೇಳಿದ್ದೇ ತಡ, ಮನೆಯ ಹಿರಿಯರೆಲ್ಲ ಕೂತಲ್ಲಿಂದ ಎದ್ದು ನಿಂತಿದ್ದರು. ಬಹಳ ಘನವಾದ ಮಾತೇ ಇರಬೇಕು. ಎದೆಯ ಮೇಲೆ ಕೈಯಿಟ್ಟು, ಗದ್ಗದಿತನಾಗಿ ಒಪ್ಪಿಸಿದೆ.

ಪ್ರೊಫೆಸರೂ ಎದ್ದು ನಿಂತರು! ಪಕ್ಕದ ಕೋಣೆಯಿಂದ ಒಬ್ಬ ಮಹಿಳೆಯನ್ನು ಕರೆತಂದರು. ಆಕೆ ಇಂಗ್ಲಿಷಿನಲ್ಲಿ, "ಇನ್ನೊಮ್ಮೆ ಹೇಳಿ" ಎಂದರು. ಬಿಕ್ಕಳಿಕೆ ಸೇರಿಸಿ ಹೇಳಿದೆ.

"ಸೀರಿಯಲ್ ನೋಡಿ ಕಲಿತಿರಾ?"

"ಹೌದು ಮೇಡಂ, ತುರ್ಕಿ ಸೀರಿಯಲ್!"

"ನಿಮ್ಮ ಕಡೆ ಅವನ್ನು ಅರಬ್ಬಿಗೆ ಡಬ್ ಮಾಡಿ ತೋರಿಸುತ್ತಾರೆ. ನೀವು ಹೇಳಿದ್ದು ಅರಬ್ಬಿ. ನಾನು ಅರಬ್ಬಿ ವಿಭಾಗದವಳು."

ನನ್ನ ಮೌಲಿಕ ಅಧ್ಯಯನ ಅಲ್ಲಿಗೆ ಸಮಾಪ್ತಿ!

"ಉಚ್ಚಾರಣೆ ಚೆನ್ನಾಗಿದೆ," ಆಕೆ ತುಟಿ ಕಚ್ಚಿಕೊಂಡರು. "ಆದರೆ 'ನನಗೀಗ ಮೂರು ತಿಂಗಳು, ಈ ಮಗುವಿನ ತಂದೆ ನೀವೇ' ಅಂತ ಪ್ರೊಫೆಸರಿಗೆ ಯಾಕೆ ಹೇಳಿದಿರಿ?"

ಬಾಗಿಲ ಮರೆಯಲ್ಲಿದ್ದ ಶೈಲಾ ನಕ್ಕು ನಕ್ಕು ನೆಲಕ್ಕೇ ಕೂತಳು. ನನಗೆ ಮಾತ್ರ ನಿಜವಾಗಿಯೂ ಅಳು ಬಂತು. ಒಂದು ಎಂ.ಎ. ಕೈಗೆ ಬಂದದ್ದು ಬಾಯಿಂದಲೇ ಹೋಯಿತಲ್ಲ! ಅವಳಿಗೆ ಕನಿಕರ ಹುಟ್ಟಿರಬೇಕು, ಕಣ್ಣೊರೆಸಿಕೊಂಡು ಹಲ್ವಾದ ಡಬ್ಬಿ ತಂದಳು.

"ತಿನ್ನಿ ಮಾರಾಯ್ರೆ. ಇಂಥ ಟೈಮಲ್ಲಿ ಆಸೆ ಇಟ್ಕೊಳ್ಬಾರ್ದು."

ನನ್ನನ್ನು ಬಿ.ಕಾಂ. ಎಂದು ಹಂಗಿಸುವುದನ್ನು ಶೈಲಾ ಅಂದಿನಿಂದ ಪೂರ್ತಿ ಬಿಟ್ಟಿದ್ದಾಳೆ. ಈಗ ನಮ್ಮ ಮನೆಯ ಜಗಳಗಳೆಲ್ಲ ಬೇರೆಯೇ ಮಾತಿಗೆ ಬಂದು ನಿಲ್ಲುತ್ತವೆ.

"ನಾನು ಎಂ.ಎ., ನೀವು ಬಸುರಿ!"