ಕರಿಗಲ್ಲ ಮಡ್ಡಿಯ ಸೂರ್ಯನಿಗೆ ಹಾರ್ದಿಕ ಸ್ವಾಗತ

ಅಥಣಿ ತಾಲೂಕಿನ ಕರಿಗಲ್ಲ ಮಡ್ಡಿಯ ಮೇಲೆ ಸೂರ್ಯನು ಪ್ರತಿದಿನ ಉದಯಿಸುತ್ತಾನೆಂಬುದನ್ನು ನಮ್ಮ ಕಚೇರಿಯು ಹೋದ ವರ್ಷ ಸ್ಥಳ ತನಿಖೆ ನಡೆಸಿ ಖಚಿತಪಡಿಸಿಕೊಂಡಿತು. ತನಿಖೆಗೆ ಹೋದ ನಾವು ಮಧ್ಯಾಹ್ನ ತಲುಪಿದ್ದರಿಂದ ಉದಯವನ್ನು ಕಣ್ಣಾರೆ ಕಾಣಲಾಗಲಿಲ್ಲ. ಆದರೆ ಸೂರ್ಯನು ಸ್ಥಳದಲ್ಲಿ ಹಾಜರಿದ್ದನು. ನಮ್ಮಲ್ಲಿ ಎಷ್ಟೋ ಜನ ನೌಕರರ ಬಗ್ಗೆ ಇಷ್ಟನ್ನೂ ಹೇಳಲಾಗುವುದಿಲ್ಲ.

ನಮ್ಮ ಕಚೇರಿ ಎಂದರೆ ಚಿಕ್ಕೋಡಿಯ ಸುಸ್ಥಿರ ಇಂಧನ ಮನೋಭಾವ ಕೋಶ. ವಿದ್ಯುತ್ ಕೊಡುವುದು ನಮ್ಮ ಕೆಲಸವಲ್ಲ. ಬಿಸಿಲು, ಗಾಳಿ ಮುಂತಾದವುಗಳಿಂದ ಹುಟ್ಟುವ ಶಕ್ತಿಯ ಬಗ್ಗೆ ಮೂಲನಿವಾಸಿ ಜನರ ಮನಸ್ಸು ಹೇಗಿದೆಯೆಂದು ಅಳೆಯುವುದು, ಅದು ಸರಿಯಿಲ್ಲದಿದ್ದರೆ ಸರಿಪಡಿಸುವುದು ನಮ್ಮ ಕೆಲಸ. ಸಾಹೇಬರ ಹೆಸರು ಧನಪಾಲ. ನಾನು ಅವರ ಗುಮಾಸ್ತ. ಜನರ ಮನಸ್ಸನ್ನು ಸರಿಪಡಿಸುವುದೆಂದರೆ ಹುಡುಗಾಟವಲ್ಲ ಮಹಾರಾಯರೆ. ನಲ್ಲಿ ಸರಿಪಡಿಸುವುದು ಅದಕ್ಕಿಂತ ಎಷ್ಟೋ ಸುಲಭ, ಆದ್ದರಿಂದಲೇ ಅದನ್ನು ನಮಗೆ ವಹಿಸಿಲ್ಲ.

ಕರಿಗಲ್ಲ ಮಡ್ಡಿ ಬೇಡರ ವಸ್ತಿ. ಮೂವತ್ತು ಚಿಲ್ಲರೆ ಮನೆ, ಉಳಿದದ್ದೆಲ್ಲ ಕಲ್ಲು. ನೀರು ಬೇಕೆಂದರೆ ಇಳಿಜಾರಿನ ಕೆಳಗಿನ ತೋಟದ ಭಾಂವಿಗೆ ಹೋಗಿ ಕೊಡ ಹೊತ್ತು ಏರಬೇಕು. ಆ ವರ್ಷ ಇನ್ನೊಂದು ಇಲಾಖೆಯವರು ಬಂದು ಬೋರು ಹೊಡೆಸಿ, ಪಂಪು ಇಳಿಸಿ, ನಾಲ್ಕು ಸೌರ ಫಲಕ ನಿಲ್ಲಿಸಿ, ಟಾಕಿ ಕಟ್ಟಿ ಹೋದರು. ಮೊದಲ ದಿನ ನಳದಲ್ಲಿ ಧೋ ಎಂದು ನೀರು ಬಂತು. ಅಕ್ಕುತಾಯಿ ಎಂಬ ಹೆಣ್ಣುಮಗಳು ಅಂದೇ ತನ್ನ ಮಗಳು ಪೂನಮಳ ಶಾಲೆಯ ಪಾಟೀಚೀಲ ಒಗೆದು ಒಣಗಹಾಕಿದಳು. ಅಕ್ಕುತಾಯಿಯ ಮೊಣಕಾಲು ಕೆಟ್ಟು, ನೀರು ಹೊರಲೆಂದು ಪೂನಮಳನ್ನು ಒಂಬತ್ತನೆಯ ತರಗತಿಗೇ ಬಿಡಿಸಿದ್ದರು. ಇನ್ನು ಹುಡುಗಿ ಶಾಲೆಗೆ ಹೋಗಬಹುದಲ್ಲ ಎಂದು ಅವಳ ಲೆಕ್ಕ.

ಆದರೆ ಉದ್ಘಾಟನೆ ಆಗಬೇಕಲ್ಲ? ಉದ್ಘಾಟನೆ ಎಂದರೆ ಮುಖಂಡರು ಬೇಕು. ಮುಖಂಡರು ಎಂದರೆ ಫ್ಲೆಕ್ಸು ಬೇಕು. ನಮ್ಮ ಗಡಿಭಾಗದಲ್ಲಿ ಮಗುವಿಗೆ ಹೆಸರಿಡುವ ಬಾರಸೆಗೂ ಫ್ಲೆಕ್ಸು ಕಟ್ಟುತ್ತಾರೆ, ಸೂರ್ಯನಿಗೆ ಕಟ್ಟದಿದ್ದರೆ ಹೇಗೆ? ವಸ್ತಿಯ ಹಿರಿಯ ಭರಮು ಮುಂದೆ ನಿಂತು ಅಥಣಿಯಲ್ಲಿ ದೊಡ್ಡದೊಂದು ಫ್ಲೆಕ್ಸು ಮಾಡಿಸಿದ. ನಡುವೆ ಫೇಟಾ ಸುತ್ತಿದ ಮುಖಂಡ ಆಬಾಸಾಹೇಬರ ಮುಖ, ಸುತ್ತ ಕಾರ್ಯಕರ್ತರ ಮುಖಗಳು, ಕೆಳಗಿನ ಸಾಲಿನ ಮೂಲೆಯಲ್ಲಿ ಭರಮುವಿನದೂ ಒಂದು. ಸೂರ್ಯನ ಚಿತ್ರಕ್ಕೆ ಜಾಗ ಸಾಲದೆ ಅವನನ್ನು ಫೋನ್ ನಂಬರಿನ ಪಕ್ಕ ಕೂರಿಸಿದ್ದರು.

ಫ್ಲೆಕ್ಸು ಬಂತು, ಕಟ್ಟಲು ಕಂಬವಿಲ್ಲ. ಅಷ್ಟು ಅಗಲದ ಗೋಡೆಯೂ ಮಡ್ಡಿಯಲ್ಲಿಲ್ಲ. ರಸ್ತೆಗೆ ಮುಖ ಮಾಡಿ, ಅಚ್ಚುಕಟ್ಟಾಗಿ ಓರೆಯಾಗಿ ನಿಂತಿದ್ದವು ಸೌರ ಫಲಕಗಳು ಮಾತ್ರ. ಅವಕ್ಕೇ ಬಿಗಿದು ಕಟ್ಟಿದರು. ಅಳತೆ ಹೇಳಿಮಾಡಿಸಿದ ಹಾಗೆ ಕೂತಿತು. ಆಬಾಸಾಹೇಬರು ಬಂದರು, ನಾರಳ ಒಡೆದರು, ನಳ ತಿರುವಿದರು. ನೀರು ಬರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ನೀರು ಬಾರದಿದ್ದಾಗ ಸಮುದಾಯದ ಮನೋಭಾವದಲ್ಲಿ ದೋಷವಿದೆಯೇ ಎಂದು ನೋಡಲು ಕೋಶವನ್ನು ಕರೆಯುವುದು ವಾಡಿಕೆ. ನಾವು ಹೋದೆವು. ಫ್ಲೆಕ್ಸು ನಮಗೆ ಕಾಣಲಿಲ್ಲವೆಂದು ಯಾರೂ ತಿಳಿಯಬಾರದು. ಕಂಡಿತು, ಸಾಹೇಬರು ಅದಕ್ಕೆ ನಮಸ್ಕಾರವನ್ನೂ ಮಾಡಿದರು. ಆದರೆ ಕೋಶದ ಏಳನೆಯ ನಿಯಮ ಹೀಗಿದೆ: “ಸಮುದಾಯದ ಮನೋಭಾವವು ಸಕಾರಾತ್ಮಕವೆಂದು ಸಿದ್ಧವಾಗುವವರೆಗೆ ಯಾವುದೇ ಯಂತ್ರವನ್ನು ಮುಟ್ಟತಕ್ಕದ್ದಲ್ಲ, ಅದರ ಮೇಲಿರುವುದನ್ನಂತೂ ಮುಟ್ಟತಕ್ಕದ್ದೇ ಅಲ್ಲ.”

ಸಾಹೇಬರು ಭರಮುವನ್ನು ಕೇಳಿದರು: “ಸೂರ್ಯನ ಬಗ್ಗೆ ನಿಮ್ಮ ಅಭಿಪ್ರಾಯ ಏನು?”

“ಚಲೋನ ಅದಾನ್ರಿ. ಅಂವನ ಮ್ಯಾಲ ನಮ್ದೇನೂ ತಕರಾರ ಇಲ್ಲ.”

ನಾನು ‘ತಕರಾರು’ ಎಂದು ಬರೆದುಕೊಂಡೆ.

ಅಕ್ಕುತಾಯಿ ಮಗಳ ತಲೆಯ ಮೇಲಿನ ಕೊಡ ಇಳಿಸಿ ಮುಂದೆ ಬಂದಳು. “ಸಾಹೇಬ್ರ, ನಮಗ ಮನೋಭಾವ ಗಿನೋಭಾವ ತಿಳಿಯೂದಿಲ್ರಿ. ಆ ಫ್ಲೆಕ್ಸ್ ಬಿಚ್ಚಸ್ರಿ, ನೀರ ಬರ್ತೈತಿ. ನೀರ ಬಂದ್ರ ನಮ್ಮ ಪೂನಮ ನಾಳಿನ ಸಾಲಿಗಿ ಹೋಗ್ತಾಳ. ದೇವ್ರು ವರಾ ಕೊಟ್ರೂ ಪೂಜಾರಿ ಕೊಡವಲ್ಲ ಅಂದಂಗ ಆಗೇತ್ರಿ ನಮ್ದು.”

“ಬರಕೋ,” ಎಂದರು ಸಾಹೇಬರು ನನಗೆ. “ಸೌರಶಕ್ತಿಯನ್ನು ಇನ್ನೂ ದೇವರು ಪೂಜಾರಿ ಅಂತ ನೋಡ್ತಾರೆ. ವೈಜ್ಞಾನಿಕ ಮನೋಭಾವ ಕಡಿಮೆ.”

“ಲೇ ಭರಮ್ಯಾ, ನೀನರ ಬಿಚ್ಚೋ!” ಎಂದಳು ಅಕ್ಕುತಾಯಿ. ಭರಮು ಫ್ಲೆಕ್ಸಿನ ಮೂಲೆಯನ್ನೇ ನೋಡುತ್ತ ನಿಂತ. “ಬಿಚ್ಚಬಹುದಬೇ. ಖರೆ ನನ್ನ ಫೋಟೋ ಹುಟ್ಟಿದಾಗಿಂದ ಎಲ್ಲೂ ಬಂದಿದ್ದಿಲ್ಲ. ಹಬ್ಬಾ ಆಗ್ಲಿ ತಡಿ,” ಎಂದ. ಯಾವ ಹಬ್ಬ ಎಂದು ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಕೂಡಲೇ ಪ್ರಕಟಣೆ ಹೊರಡಿಸಿದೆವು: “ಕರಿಗಲ್ಲ ಮಡ್ಡಿಯ ನಿವಾಸಿಗಳು ಸೂರ್ಯನ ಬಗ್ಗೆ ಹೊಂದಿರುವ ಪೂರ್ವಗ್ರಹವನ್ನು ಹೋಗಲಾಡಿಸಲು ಮನೋಭಾವ ಸುಧಾರಣಾ ಶಿಬಿರವನ್ನು ಏರ್ಪಡಿಸಲಾಗಿದೆ. ಬಿಸಿಲು ವಿಪರೀತವಿರುವುದರಿಂದ ಪೆಂಡಾಲಿನ ವ್ಯವಸ್ಥೆ ಇದೆ.” ಪೆಂಡಾಲಿನಲ್ಲಿ ಫ್ಯಾನು, ಮೈಕು. ಅವಕ್ಕೆ ಉಗಾರದಿಂದ ಡೀಸೆಲ್ ಜನರೇಟರು ತರಿಸಿದ್ದೆವು. ಸೂರ್ಯನು ಎಲ್ಲರಿಗೂ ಸಮಾನವಾಗಿ ಬೆಳಗುತ್ತಾನೆಂದು ಸಾಹೇಬರು ಎರಡು ತಾಸು ಹೇಳಿದರು. ನನಗೆ ಕಣ್ಣಲ್ಲಿ ನೀರು ಬಂತು, ಸ್ವಲ್ಪ ಭಾಷಣದಿಂದ, ಸ್ವಲ್ಪ ಹೊಗೆಯಿಂದ.

ಅಕ್ಕುತಾಯಿ ಕೊನೆಗೆ ಎದ್ದು ಕೇಳಿದಳು: “ಈ ಜನರೇಟರ್ ಒಂದ್ ನಾಕ್ ದಿನಾ ಇಲ್ಲೇ ಬಿಟ್ಟ ಹೋಗ್ರಿ. ಪಂಪಿಗಿ ಹಚ್ಚತೀವಿ.”

“ಛೇ ಛೇ! ಡೀಸೆಲ್ಲಿನಿಂದ ಪರಿಸರ ಹಾಳಾಗ್ತದೆ ತಾಯಿ,” ಎಂದರು ಸಾಹೇಬರು. ಅವರಿಗೆ ನಿಜವಾಗಿಯೂ ನೋವಾಗಿತ್ತು. ನನಗಂತೂ ಸಿಟ್ಟೇ ಬಂತು. ಇಷ್ಟು ಹೇಳಿದ ಮೇಲೂ ಇದೇ ಬುದ್ಧಿಯೆ?

ಆಮೇಲೆ ಮುಂಗಾರಿಗೆ ಮುಂಚಿನ ವಳವದ ಮಳೆ ಬಂತು. ಮಳೆಗಿಂತ ಗಾಳಿ ಹೆಚ್ಚು. ಬೆಳಗಾಗುವಷ್ಟರಲ್ಲಿ ಫ್ಲೆಕ್ಸಿನ ಒಂದು ಬದಿ ಕಿತ್ತು ಜೋತಾಡುತ್ತಿತ್ತು. ಬಿಸಿಲು ಏರಿತು, ಫಲಕಕ್ಕೆ ಬಿತ್ತು, ನಳ ಗೊರಗೊರ ಎಂದು ನೀರು ಬಿಟ್ಟಿತು. ಹೆಂಗಸರು ಇದ್ದಬದ್ದ ಕೊಡ, ಬಕೀಟು, ಬೋಗಾಣಿ ಹಿಡಿದು ಓಡಿದರು. ಅಕ್ಕುತಾಯಿ ಮಗಳ ತಲೆ ಬಾಚಿ, ಜಡೆ ಹಾಕಿ, “ಹೋಗವಾ, ನನ ಬಂಗಾರಾ, ಲಗೂನ ಹೋಗ,” ಎಂದು ಚೀಲ ಹೆಗಲಿಗೇರಿಸಿ ಕಳಿಸಿದಳು. ಹುಡುಗಿ ಮಡ್ಡಿ ಇಳಿಯುತ್ತ ಹಾಡುತ್ತಿದ್ದಳಂತೆ.

ದುರ್ದೈವ ನೋಡಿ, ಗಾಳಿ ಆಬಾಸಾಹೇಬರ ಕಿವಿಯನ್ನು ಹರಿದಿತ್ತು. ಸುದ್ದಿ ಹಬ್ಬಿತು. ಕಾಗವಾಡದ ಹತ್ತಿರ ಕಾರ್ಯಕರ್ತರು ರಸ್ತಾ ರೋಕೋ ಮಾಡಿ, ಗಾಳಿಯ ಹಿಂದೆ ಯಾರಿದ್ದಾರೆಂಬುದು ಗೊತ್ತಾಗಬೇಕೆಂದು ಘೋಷಣೆ ಕೂಗಿದರು. ಮಧ್ಯಾಹ್ನದೊಳಗೆ ಹೊಸ ಫ್ಲೆಕ್ಸು ಬಂದು ಅದೇ ಫಲಕಗಳ ಮೇಲೆ ಕೂತಿತು. ಈ ಸಲ ದಪ್ಪನೆಯದು, ಕಬ್ಬಿಣದ ಚೌಕಟ್ಟು ಬೇರೆ. ಮತ್ತೆ ನೀರು ನಿಲ್ಲುವುದರ ಸಿಟ್ಟು ತಣಿಸಲು ವಸ್ತಿಯ ಎಲ್ಲ ಗಂಡಸರ ಮುಖವನ್ನೂ ಕೆಳಗೆ ಸೇರಿಸಿದ್ದರು. ಅಂದಿನಿಂದ ಅದನ್ನು ಬಿಚ್ಚಬೇಕೆನ್ನುವ ಗಂಡಸು ಮಡ್ಡಿಯಲ್ಲಿ ಉಳಿಯಲಿಲ್ಲ. ಅಂದು ಸಂಜೆ ಪೂನಮ ಶಾಲೆಯಿಂದ ಬರುವಾಗ ನಳ ನಿಂತಿತ್ತು. ಚೀಲ ಗೂಟಕ್ಕೆ ಹಾಕಿ ಕೊಡ ಎತ್ತಿಕೊಂಡಳು.

ಅಷ್ಟರಲ್ಲಿ ಬೆಂಗಳೂರಿನಿಂದ ಪರಿಶೀಲನೆಗೆ ಬರುತ್ತಾರೆಂಬ ಆದೇಶ ಬಂತು. ಬಂದವರು ನಳ ತಿರುವಿದರೆ ನೀರು ಬೀಳಲೇಬೇಕು. ಸಾಹೇಬರು ಯೋಚಿಸಿ ಒಂದು ಮಾರ್ಗ ಕಂಡರು. ಹೆಂಗಸರು ಭಾಂವಿಯಿಂದ ಕೊಡ ಹೊತ್ತು ತಂದು, ಏಣಿ ಹತ್ತಿ, ಟಾಕಿಗೆ ಸುರಿಯುವುದು. ಪರಿಶೀಲಕರು ಬಂದರು, ನಳ ತಿರುವಿದರು, ನೀರು ಬಿತ್ತು. ಒಬ್ಬರು ಕುಡಿದೂ ನೋಡಿದರು. ಒಂದು ಹನಿ ಡೀಸೆಲ್ಲಿಲ್ಲ, ಒಂದು ತಂತಿಯ ಕರೆಂಟಿಲ್ಲ, ಹೊಗೆಯಿಲ್ಲ, ಸದ್ದಿಲ್ಲ. ಇದಕ್ಕಿಂತ ಸುಸ್ಥಿರವಾದ ಇಂಧನವನ್ನು ತಾವು ಎಲ್ಲಿಯೂ ಕಂಡಿಲ್ಲವೆಂದು ಬರೆದು ಹೋದರು.

ಯಶಸ್ವಿಯಾದ ಯೋಜನೆಯನ್ನು ನಿಲ್ಲಿಸಲು ಯಾರಿಗೂ ಅಧಿಕಾರವಿಲ್ಲ. ಆದ್ದರಿಂದ ಕರಿಗಲ್ಲ ಮಡ್ಡಿಯಲ್ಲಿ ಈಗ ಮುಂಜಾನೆ ಟಾಕಿ ತುಂಬುತ್ತಾರೆ, ಆಮೇಲೆ ಅವರೇ ನಳದ ಮುಂದೆ ಪಾಳಿ ಹಚ್ಚಿ ಅದೇ ನೀರು ಹಿಡಿಯುತ್ತಾರೆ. ಪಾಳಿಯಲ್ಲಿ ಜಗಳವೂ ಆಗುತ್ತದೆ. “ನಮ್ಮ ಊರಿಗೂ ನಳಾ ಬಂದೈತ್ರಿ,” ಎಂದು ಭರಮು ಸಂಕೋನಟ್ಟಿಯ ಬೀಗರಿಗೆ ಹೇಳಿಕೊಂಡು ತಿರುಗುತ್ತಾನೆ. ಕೊಡ ಹೊತ್ತು ಏಣಿ ಹತ್ತುವುದರಲ್ಲಿ ಪೂನಮಳೇ ಚುರುಕಾಗಿದ್ದರಿಂದ ಅವಳನ್ನು ಪಂಪ್ ಆಪರೇಟರ್ ಎಂದು ನೇಮಿಸಿ, ಶಾಲು ಹೊದಿಸಿ ಸತ್ಕಾರ ಮಾಡಿದೆವು. ಗೌರವ ಹುದ್ದೆ.

ಮೊನ್ನೆ ಹುಡುಗಿಯನ್ನು ಹತ್ತನೆಯ ತರಗತಿಗೆ ಕಳಿಸುತ್ತೀರಾ ಎಂದು ಕೇಳಲು ಹೆಡ್‌ಮಾಸ್ತರರು ಮಡ್ಡಿ ಹತ್ತಿ ಬಂದಿದ್ದರು. ನಾನೂ ಅಲ್ಲಿದ್ದೆ. ಅಕ್ಕುತಾಯಿ ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು, “ಹೆಂಗ ಬರಾಕಾಗ್ತೈತ್ರಿ? ಅಕಿ ಈಗ ಸರಕಾರಿ ನೌಕರಿ ಮಾಡಾಕತ್ತಾಳ. ಸಾಲಿ ಕಲತವ್ರಿಗೇ ಸಿಗವಲ್ದು ನೌಕರಿ,” ಎಂದಳು.

ಹೆಡ್‌ಮಾಸ್ತರರು ಒಪ್ಪಿದರು. ಆದರೂ ಪರೀಕ್ಷೆಗಾದರೂ ರಜೆ ಕೊಡಬಹುದೇ ಎಂದು ನನ್ನನ್ನು ಕೇಳಿದರು. ಕೊಡಬಹುದು, ಬದಲಿ ವ್ಯವಸ್ಥೆ ಇದ್ದರೆ ಎಂದು ನಿಯಮ ತಿಳಿಸಿದೆ. ಅಕ್ಕುತಾಯಿ ಒಳಗೆ ಹೋಗಿ ಸಣ್ಣ ಮಗಳು ನೀಲಮಳನ್ನು ಕರೆತಂದಳು. ಐದನೆಯ ತರಗತಿಯ ಹುಡುಗಿ. ಏಣಿಯ ಮೊದಲ ಮೆಟ್ಟಿಲು ಅವಳಿಗೆ ಎಟುಕುತ್ತದೆಯೇ ಎಂದು ನಾವೆಲ್ಲ ನಿಂತು ನೋಡಿದೆವು. ಎಟುಕಿತು.