ಹಿರಿಯರು ವಾಸವಿರುವ ಮನೆಯ ಪಕ್ಕದ ಕ್ಷೌರದಂಗಡಿಯಿಂದ

ಹಿನೋತಾನಿ ಪಟ್ಟಣದ ಖಾಲಿ ಕಟ್ಟಡಗಳ ನೋಂದಣಿ ವಿಭಾಗದ ಮುಖ್ಯಸ್ಥರಾದ ಹಿರಸಾಕ ಅವರ ಸನ್ನಿಧಿಗೆ,

ಮಾನ್ಯರೇ,

ಮೇಪಲ್ ಎಲೆ ಕೆಂಪೇರುವ ಈ ತಂಪು ದಿನಗಳಲ್ಲಿ ತಾವೂ ತಮ್ಮ ಮೊಹರುಗಳೂ ಕ್ಷೇಮವೆಂದು ನಂಬಿ, ಬುದ್ಧ ಮಂದಿರದ ಹಿಂದಿನ ಓಣಿಯಲ್ಲಿ ಕ್ಷೌರದಂಗಡಿ ಇಟ್ಟಿರುವ ಕುವಾಬಾರ ಒರಿಯೆ ಎಂಬ ನಾನು ಸೊಂಟ ಬಗ್ಗಿಸಿ ವಂದಿಸುತ್ತೇನೆ.

ಪಕ್ಕದ ಮಿಯಗಾವಾ ಅವರ ಮನೆ ವರ್ಷಗಳಿಂದ ಯಾರೂ ವಾಸವಿಲ್ಲದೆ ವಾಲಿಕೊಂಡು, ಅದರ ಸೂರು ನನ್ನ ಅಂಗಡಿಯ ಬಾಗಿಲ ಮೇಲೆ ತೂಗುತ್ತಿರುವುದು ತಮಗೆ ತಿಳಿಯದ್ದೇನಲ್ಲ; ತಮ್ಮ ಕಚೇರಿಯ ಮೆಟ್ಟಿಲು ಸವೆಸಿ ನಾನೇ ತಿಳಿಸಿದ್ದೇನೆ. ಖಾಲಿಯೆಂದು ನೋಂದಾಯಿಸಿದರೆ ಸಾಕು, ಅದನ್ನು ಕೆಡವಿಸುವ ಅಧಿಕಾರ ತಮಗೆ ಬರುತ್ತದೆ. ಆದರೆ ತಾವು ಕಿಟಕಿಯಲ್ಲಿ ಇಣುಕಿ, ತೀರಿಹೋದ ಹಿರಿಯರ ಪೂಜಾಪೀಠ ಇನ್ನೂ ಅಲ್ಲೇ ಇರುವುದನ್ನೂ, ಒಸಾಕಾದಲ್ಲಿರುವ ಮಿಯಗಾವಾ ಅವರು ಬೇಸಿಗೆಯ ಪಿತೃಹಬ್ಬಕ್ಕೆ ಬಂದು ಊದುಬತ್ತಿ ಹಚ್ಚಿ ಹೋಗುವುದನ್ನೂ ಪತ್ತೆಹಚ್ಚಿ, "ನೋಡೀಮ್ಮಾ, ಒಳಗೆ ಹಿರಿಯರು ಇದ್ದಾರಲ್ಲ. ಅವರಿರೋ ಮನೇನ ಖಾಲಿ ಅಂತ ನಾನು ಹೇಗೆ ಬರೀಲಿ?" ಎಂದಿರಿ.

ಬದುಕಿರುವವರೇ ಲೆಕ್ಕಕ್ಕಿಲ್ಲದ ಈ ಕಾಲದಲ್ಲಿ ಸತ್ತವರನ್ನೂ ನಿವಾಸಿಗಳೆಂದು ಒಪ್ಪಿದ ತಮ್ಮ ಮನಸ್ಸು ದೊಡ್ಡದು. ನಿವಾಸಿಗಳೆಂದ ಮೇಲೆ ಅವರಿಗೂ ಕರ್ತವ್ಯಗಳಿರಬೇಕಷ್ಟೆ. ನಮ್ಮ ಕೇರಿಯಲ್ಲಿ ಕಸ ಇಡುವ ಜಾಗ ಗುಡಿಸುವ ಸರದಿ ಮನೆಯಿಂದ ಮನೆಗೆ ಹೋಗುತ್ತದೆ. ಮಿಯಗಾವಾ ಮನೆಯ ಸರದಿಯನ್ನು ಇಷ್ಟು ವರ್ಷ ನಾನೇ ಗುಡಿಸಿದ್ದೇನೆ. ಮುಂದಿನ ಸಲ ಅವರ ಮುತ್ತಜ್ಜನವರು ಪೊರಕೆ ಸಮೇತ ಹಾಜರಾಗುವಂತೆ ದಯವಿಟ್ಟು ಆದೇಶಿಸಿ. ಹಿಮ ಬಿದ್ದಾಗ ಮುತ್ತಜ್ಜಿಯವರು ಸಲಿಕೆ ಹಿಡಿಯಲಿ. ಕೂದಲು ಬೆಳೆದಿದ್ದರೆ ಎಲ್ಲರೂ ನನ್ನಲ್ಲಿಗೇ ಬರಲಿ, ಹೇಗೂ ಬೇರೆ ಯಾರೂ ಬರುತ್ತಿಲ್ಲ.

ಹೌದು, ಯಾರೂ ಬರುತ್ತಿಲ್ಲ. ಸೂರಿನಿಂದ ಹೆಂಚೊಂದು ಜಾರಿ, ನನ್ನ ಹಳೆಯ ಗಿರಾಕಿ ತೊಕುಜಿ ಅವರ ಭುಜ ಮುರಿದ ಮೇಲೆ, ಉಳಿದವರು ಓಣಿಯ ತುದಿಯಿಂದಲೇ ಬಗ್ಗಿ ನಮಸ್ಕರಿಸಿ ಬೇರೆ ಅಂಗಡಿಗೆ ನಡೆದರು. ಅವರನ್ನು ದೂರುವುದಿಲ್ಲ, ತಲೆಯ ಬೆಲೆ ನನ್ನ ಕಸುಬಿನವರಿಗೆ ಗೊತ್ತು. ಗಂಡ ತೀರಿಕೊಂಡ ಮೇಲೆ ನನ್ನನ್ನು ಸಾಕಿದ ಅಂಗಡಿ ಇದು. ಬಾಗಿಲು ಹಾಕಿದ ದಿನ ಅಳುವೂ ಬಂತು, ಸಿಟ್ಟೂ ಬಂತು, ಅಳು ನಿಂತಿದೆ. ಮನೆಯೊಳಗಿನ ಹಿರಿಯರನ್ನು ಮರ್ಯಾದೆಯಿಂದ ಬೇರೆಡೆ ಕೂರಿಸಿ, ಆ ಸೂರನ್ನು ಇಳಿಸಿ ನನ್ನ ಬಾಗಿಲನ್ನು ನನಗೆ ಕೊಡಿಸಬೇಕೆಂದು ಬೇಡುತ್ತೇನೆ.

ನಿಯಮದ ಕೆಳಗೂ ಸೂರಿನ ಕೆಳಗೂ ತಲೆ ತಗ್ಗಿಸಿ ನಡೆಯುವ,
ತಮ್ಮ ವಿಶ್ವಾಸಿ,
ಕುವಾಬಾರ ಒರಿಯೆ

ತಾ.ಕ.: ಈ ಪತ್ರ ಮಡಿಸುವಷ್ಟರಲ್ಲಿ ತಮ್ಮ ಸಿಬ್ಬಂದಿಯೊಬ್ಬರು ಬಂದರು. ಬಹಳ ದಿನದಿಂದ ವ್ಯಾಪಾರ ನಡೆಯದ ಕಾರಣ ನನ್ನ ಅಂಗಡಿಯನ್ನು ಖಾಲಿ ಕಟ್ಟಡವೆಂದು ತಾವು ನೋಂದಾಯಿಸಿದ್ದೀರಂತೆ. ಬಾಗಿಲಿಗೆ ಅಂಟಿಸಬೇಕಾದ ಕೆಂಪು ಚೀಟಿಯನ್ನು ಅವರು ಓಣಿಯ ತುದಿಯಲ್ಲೇ ನಿಂತು ನನ್ನ ಕೈಗೆ ಕೊಟ್ಟು, "ಅಕ್ಕಾ, ನೀವೇ ಅಂಟಿಸ್ಬಿಡಿ. ಆ ಸೂರಿನ ಕೆಳಗೆ ಬರೋಕೆ ನನಗೆ ಧೈರ್ಯ ಇಲ್ಲ" ಎಂದರು. ಅಂಟಿಸಿ ಬಂದಿದ್ದೇನೆ.